ಕೇಳಿದರೆ ಮಾನ ಹೋಗುತ್ತದೆಯೇ?

ರಾತ್ರಿ ಹತ್ತು ಗಂಟೆಯ ನಂತರ ದಾವಣಗೆರೆಯ ಬಸ್ ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಬೇಕು. ಬೆಂಗಳೂರು ಬಸ್ಸಿನ ಮುಂದೆ ನಿಂತ ಹುಡುಗರಲ್ಲಿ ನಾಲ್ಕಾರು ಮಂದಿಯ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಒಳಗೆ ಅಂಕಪಟ್ಟಿ, ಹತ್ತು ಪ್ರತಿ ಬಯೋಡೇಟಾ, ನಾಲ್ಕು ಫೋಟೋ. ಬೆಳಿಗ್ಗೆ ಇಳಿದು, ಯಾವುದೋ ಗೆಳೆಯನ ರೂಮಿನಲ್ಲಿ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, 'ವಾಕ್ ಇನ್' ಎಂದು ಕರೆದ ಕಡೆ ಸಾಲಿನಲ್ಲಿ ನಿಲ್ಲುತ್ತಾರೆ. ಸಂಜೆ 'ತಿಳಿಸ್ತೀವಿ' ಅನ್ನಿಸಿಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. ಅವರು ತಿಳಿಸುವುದಿಲ್ಲ. ಇವರು ಕಾಯುವುದು ಬಿಡುವುದಿಲ್ಲ.

ಇವರೇನು ದಡ್ಡರಲ್ಲ. ಬಿ.ಇ. ಮುಗಿಸಿದವರು, ಡಿಪ್ಲೊಮಾ ಮುಗಿಸಿದವರು. ಹಗಲೆಲ್ಲಾ ಮೊಬೈಲ್ ಹಿಡಿದು ನೂರು ಕಡೆ ಅರ್ಜಿ ಗುಜರಾಯಿಸಿದವರು. ಆದರೆ ಅವರಲ್ಲಿ ಯಾರನ್ನಾದರೂ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ:

"ಆ ಕಂಪನೀಲಿ ನಿಮ್ಮ ಕಾಲೇಜಿನೋರು ಯಾರಾದ್ರೂ ಇದಾರೇನಪ್ಪಾ?"

"ಇದಾರೆ ಸಾರ್, ಮೂರ್ನಾಲ್ಕು ಜನ ಸೀನಿಯರ್ಸು."

"ಅವರನ್ನ ಕೇಳಿದ್ಯಾ?"

"ಇಲ್ಲ ಸಾರ್. ಹೆಂಗ್ ಕೇಳೋದು? ಏನಂದ್ಕೊಂತಾರೋ ಏನೋ."

ಈ 'ಏನಂದ್ಕೊಂತಾರೋ' ಎಂಬ ಮಾತು ಈ ಊರಿನ ಮಕ್ಕಳಿಗೆ ಮಾಡಿರುವಷ್ಟು ನಷ್ಟವನ್ನು ಯಾವ ಕಡಿಮೆ ಮಾರ್ಕ್ಸೂ ಮಾಡಿಲ್ಲ.

ವಶೀಲಿ ಬೇರೆ, ಪರಿಚಯ ಬೇರೆ

ಮರ್ಯಾದಸ್ಥರ ಮನೆಗಳಲ್ಲಿ 'ವಶೀಲಿ' ಅನ್ನುವುದು ಕೆಟ್ಟ ಪದ. ಅದು ಸರಿಯೇ. ಹುಡುಗನ ಯೋಗ್ಯತೆ ನೋಡದೆ ಜಾತಿ ನೋಡಿ, ನೆಂಟಸ್ತಿಕೆ ನೋಡಿ, ಲಕೋಟೆಯ ದಪ್ಪ ನೋಡಿ ಕೆಲಸ ಕೊಡಿಸುವುದು ವಶೀಲಿ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮುಂಚೆ ನೆಂಟರನ್ನೆಲ್ಲ ಕೂರಿಸಿಕೊಂಡು, 'ಶಿಫಾರಸು ಮಾಡಿ ಅಂತ ಯಾರೂ ಬರಕೂಡದು' ಎಂದು ಮಾತು ತಗೊಂಡರು ಎಂಬ ಕತೆಯನ್ನು ಈಗಲೂ ಮೇಷ್ಟ್ರುಗಳು ಪಾಠದ ಮಧ್ಯೆ ಹೇಳುತ್ತಾರೆ. ಕತೆ ಕೇಳಿದ ಹುಡುಗರು ಒಳ್ಳೆಯದನ್ನೇ ಕಲಿತರು, ಜೊತೆಗೆ ಒಂದು ತಪ್ಪನ್ನೂ ಕಲಿತರು. ಯಾರನ್ನೂ ಏನೂ ಕೇಳಬಾರದು ಅಂದುಕೊಂಡರು.

ಕೇಳುವುದರಲ್ಲಿ ಎರಡು ಥರ ಇದೆ. 'ಸಾರ್, ನನಗೊಂದು ಕೆಲಸ ಕೊಡ್ಸಿ' ಅನ್ನುವುದು ಒಂದು. 'ಸಾರ್, ನಿಮ್ಮಲ್ಲಿ ಈ ಕೆಲಸಕ್ಕೆ ಏನು ಕಲಿತಿರಬೇಕು, ಯಾವಾಗ ಜನ ತಗೋತಾರೆ' ಅನ್ನುವುದು ಇನ್ನೊಂದು. ಮೊದಲನೆಯದು ಇನ್ನೊಬ್ಬರ ಹೆಗಲ ಮೇಲೆ ಭಾರ ಹೊರಿಸುವುದು. ಎರಡನೆಯದು ದಾರಿ ಕೇಳುವುದು. ಗಡಿಯಾರ ಕಂಬಕ್ಕೆ ದಾರಿ ಯಾವುದು ಎಂದು ಕೇಳಿದವನನ್ನು ಭಿಕ್ಷುಕ ಅಂತ ಯಾರಾದರೂ ಅಂದಾರೆಯೇ?

ಇನ್ನೊಂದು ಗುಟ್ಟು ಬಹಳ ಹುಡುಗರಿಗೆ ಗೊತ್ತಿಲ್ಲ. ಬಹುಪಾಲು ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ 'ರೆಫರಲ್' ಎಂಬ ಪದ್ಧತಿ ಇದೆ. ಒಳಗಿನ ನೌಕರ ಒಂದು ಹೆಸರು ಕೊಟ್ಟು, ಆ ಹುಡುಗ ಪರೀಕ್ಷೆ, ಸಂದರ್ಶನ ಎಲ್ಲ ಪಾಸಾಗಿ ಸೇರಿದರೆ, ಹೆಸರು ಕೊಟ್ಟವನಿಗೂ ಕಂಪನಿ ಇನಾಮು ಕೊಡುವುದುಂಟು. ಇದು ಕದ್ದು ಮುಚ್ಚಿ ಮಾಡುವ ವ್ಯವಹಾರವಲ್ಲ, ಕಂಪನಿಯೇ ಕೇಳಿ ಮಾಡಿಸುವುದು. ಹೆಸರು ಕೊಟ್ಟ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಸಾವಿರ ಅರ್ಜಿಗಳ ರಾಶಿಯ ತಳದಲ್ಲಿ ಬಿದ್ದ ಕಾಗದ ಮೇಲಕ್ಕೆ ಬಂದು ಒಬ್ಬ ಮನುಷ್ಯನ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಆದರೆ ಆ 'ಅಷ್ಟೆ' ಇಲ್ಲದೆ ಎಷ್ಟು ಅರ್ಜಿಗಳು ಕಂಪ್ಯೂಟರಿನ ಜರಡಿಯಲ್ಲೇ ಉದುರಿಹೋಗುತ್ತವೆ ಎಂಬುದನ್ನು ಬಸ್ ನಿಲ್ದಾಣದ ಹುಡುಗರನ್ನೇ ಕೇಳಬೇಕು.

ಗಿರಣಿ ಕಾಲದ ಸುದ್ದಿ

ಈ ಊರಿಗೆ ಪರಿಚಯದ ಬೆಲೆ ಗೊತ್ತಿಲ್ಲದ್ದೇನಲ್ಲ. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿದ್ದ ಕಾಲದಲ್ಲಿ ಯಾರೂ ಬಯೋಡೇಟಾ ಬರೆಯುತ್ತಿರಲಿಲ್ಲ. 'ನಾಳೆ ಜಾಬರ್‌ನ ಬಂದು ನೋಡು' ಎಂದು ಪಕ್ಕದ ಮನೆಯ ಕಾಕಾ ಹೇಳುತ್ತಿದ್ದ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಹಿಡಿದವನ ತಮ್ಮನಿಗೆ ಎಲ್ಲಿ ಫಿಟ್ಟರ್ ಬೇಕಾಗಿದ್ದಾನೆ ಎಂಬ ಸುದ್ದಿ ಮೊದಲು ಬರುತ್ತಿತ್ತು. ಶಿಫ್ಟ್ ಬಿಟ್ಟ ಮೇಲೆ ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಆಗುತ್ತಿದ್ದ ಮಾತುಕತೆಯೇ ಆ ಕಾಲದ ಉದ್ಯೋಗ ವಿನಿಮಯ ಕಚೇರಿ.

ಸರ್ಕಾರದ ಉದ್ಯೋಗ ವಿನಿಮಯ ಕಚೇರಿಯೂ ಇತ್ತು. 1959ರ ಕಾಯ್ದೆಯ ಪ್ರಕಾರ ಖಾಲಿ ಹುದ್ದೆಯ ಸುದ್ದಿಯನ್ನು ಮಾಲೀಕರು ಕಚೇರಿಗೆ ತಿಳಿಸಬೇಕಿತ್ತು. ಆದರೆ ಅಲ್ಲಿಂದ ಬಂದವರನ್ನೇ ತೆಗೆದುಕೊಳ್ಳಬೇಕು ಎಂಬ ಕಟ್ಟಳೆ ಕಾಯ್ದೆಯಲ್ಲಿ ಇರಲಿಲ್ಲ. ಹೆಸರು ಬರೆಸಿ, ಕಾರ್ಡು ನವೀಕರಿಸಿ ಕೂತವರ ತಲೆ ನೆರೆಯಿತು. ಬೆಂಚಿನ ಮೇಲೆ ಕೂತವರಿಗೆ ಕೆಲಸ ಸಿಕ್ಕಿತು.

ಈಗ ಆ ಗಿರಣಿಗಳೂ ಇಲ್ಲ, ಹರಿಹರದ ಆ ಕಾರ್ಖಾನೆಯೂ ಬಾಗಿಲು ಹಾಕಿ ಕಾಲವಾಯಿತು. ಕಾಕಾನ ಪರಿಚಯವೆಲ್ಲ ಕಾಕಾನ ಕಾಲಕ್ಕೇ ಮುಗಿಯಿತು. ಮಗ ಓದಿದ್ದು ಕಂಪ್ಯೂಟರ್ ಸೈನ್ಸು, ಅಪ್ಪನಿಗೆ ಗೊತ್ತಿರುವುದು ದಲ್ಲಾಲಿ ಅಂಗಡಿ. ಅಪ್ಪನ ಸ್ನೇಹಿತರು ನೂರು ಜನರಿದ್ದರೂ ಎಲ್ಲರಿಗೂ ಗೊತ್ತಿರುವುದು ಒಂದೇ ಸುದ್ದಿ. ಮನೆ ತುಂಬ ನೆಂಟರಿದ್ದರೂ ಹುಡುಗ ಒಂಟಿ.

ಆಗೀಗ ಸಿಗುವವರೇ ಆಗಿಬರುವವರು

ಇದನ್ನು ಲೆಕ್ಕ ಹಾಕಿ ತೋರಿಸಿದವರು ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ. ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಆಗಷ್ಟೇ ಕೆಲಸ ಬದಲಿಸಿದ್ದ ತಾಂತ್ರಿಕ, ವೃತ್ತಿಪರ ಮತ್ತು ವ್ಯವಸ್ಥಾಪಕ ದರ್ಜೆಯವರನ್ನು ಹಿಡಿದು, 'ನಿಮಗೆ ಈ ಕೆಲಸದ ಸುದ್ದಿ ಹೇಳಿದವರು ಯಾರು' ಎಂದು ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ, ಅಂದರೆ ಶೇ. 56 ಮಂದಿ, ಪರಿಚಯದವರಿಂದಲೇ ಕೆಲಸ ಕಂಡುಕೊಂಡಿದ್ದರು. ಇದರಲ್ಲಿ ಅಚ್ಚರಿ ಏನೂ ಇಲ್ಲ. ಅಚ್ಚರಿ ಇರುವುದು ಮುಂದೆ. 1973ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಹಾಗೆ ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಸುಮಾರು ಶೇ. 17 ಮಂದಿಗೆ ಮಾತ್ರ ಸುದ್ದಿ ಬಂದಿದ್ದು ಪದೇ ಪದೇ ಭೇಟಿಯಾಗುವ ಆಪ್ತರಿಂದ. ಉಳಿದವರಿಗೆಲ್ಲ ಆಗೀಗ ಸಿಗುವವರಿಂದ, ಇಲ್ಲವೇ ವರ್ಷಕ್ಕೊಮ್ಮೆ ಸಿಕ್ಕರೆ ಸಿಕ್ಕರು ಎನ್ನುವಂಥವರಿಂದ. ಹಳೇ ಸಹೋದ್ಯೋಗಿ, ಕಾಲೇಜಿನ ಸಹಪಾಠಿ, ಇಂಥವರು.

ಕಾರಣ ಸರಳ. ಆಪ್ತನಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲದ ಸುದ್ದಿ ಇರುವುದು ಬೇರೆ ಓಣಿಯಲ್ಲಿ ಓಡಾಡುವವನ ಹತ್ತಿರ.

ಐವತ್ತು ವರ್ಷದ ಹಿಂದಿನ ಅಮೆರಿಕದ ಮಾತು ಇಲ್ಲಿಗೆ ಹೊಂದೀತೇ ಎಂದು ಕೇಳಬಹುದು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಲಿಂಕ್ಡ್‌ಇನ್ ಎಂಬ ಉದ್ಯೋಗ ತಾಣದ ಎರಡು ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗ ಅದು. ಅಲ್ಲಿಯೂ ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ಗಾಢ ಸ್ನೇಹವಲ್ಲ, ತೆಳುವಾದ ಪರಿಚಯ. ತೀರಾ ಅಪರಿಚಿತರೂ ಅಲ್ಲ, ತೀರಾ ಆಪ್ತರೂ ಅಲ್ಲ, ನಡುವಿನವರು. ಕಂಪ್ಯೂಟರಿನ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಂತೂ ಇದು ಇನ್ನೂ ನಿಜ ಎಂದು ಕಂಡುಬಂತು.

ನಮ್ಮ ನಾಡಿನದೇ ಉದಾಹರಣೆ ಬೇಕಿದ್ದರೆ ಇನ್ಫೋಸಿಸ್ ಇದೆ. 1981ರಲ್ಲಿ ಅದನ್ನು ಶುರು ಮಾಡಿದ ಏಳು ಜನ ನೆಂಟರೂ ಅಲ್ಲ, ಒಂದೇ ಊರಿನವರೂ ಅಲ್ಲ. ಪಟ್ನಿ ಕಂಪ್ಯೂಟರ್ಸ್ ಎಂಬ ಒಂದು ಕಂಪನಿಯಲ್ಲಿ ಜೊತೆಗೆ ದುಡಿದಾಗ ಬೆಳೆದ ಪರಿಚಯ ಅದು. ಒಬ್ಬರ ಕೆಲಸ ಇನ್ನೊಬ್ಬರು ಕಣ್ಣಾರೆ ಕಂಡಿದ್ದರು. ಅದಕ್ಕಿಂತ ದೊಡ್ಡ ಶಿಫಾರಸು ಇಲ್ಲ.

ಕೇಳುವ ರೀತಿ

ಹಾಗಂತ ಎಲ್ಲರಿಗೂ ವಾಟ್ಸಪ್ಪಿನಲ್ಲಿ ಬಯೋಡೇಟಾ ಎಸೆದು, 'ಪ್ಲೀಸ್ ಡೂ ದಿ ನೀಡ್‌ಫುಲ್' ಅಂದರೆ ಆಗುವುದಿಲ್ಲ. ಅದು ಕರಪತ್ರ ಹಂಚಿದ ಹಾಗೆ. ಇಸಕೊಂಡವರು ನಾಲ್ಕು ಹೆಜ್ಜೆ ನಡೆದು ಬಿಸಾಕುತ್ತಾರೆ.

ಮೊದಲು ಒಂದು ನೋಟುಬುಕ್ಕು ತಗೊಂಡು ಹೆಸರು ಬರೆಯಬೇಕು. ಎರಡು ಮೂರು ವರ್ಷ ಮುಂದೆ ಪಾಸಾದ ಸೀನಿಯರ್ಸು, ಹಾಸ್ಟೆಲಿನವರು, ಕೆಲಸ ಬಿಟ್ಟು ಬೇರೆ ಕಡೆ ಹೋದ ಮೇಷ್ಟ್ರು, ಇಂಟರ್ನ್‌ಶಿಪ್ ಮಾಡಿದ ಕಡೆ ಸಿಕ್ಕವರು, ಓಣಿಯಿಂದ ಬೆಂಗಳೂರಿಗೋ ಪುಣೆಗೋ ಹೋದವರು. ಕೂತು ಬರೆದರೆ ಯಾರ ಪಟ್ಟಿಯೂ ಖಾಲಿ ಇರುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ನಾಲ್ಕು ಸಾಲು ಬರೆಯಬೇಕು. ಇಂಗ್ಲಿಷು ತಡವರಿಸಿದರೆ ಕನ್ನಡದಲ್ಲೇ ಬರೆಯಲಿ, ಊರಿನವರಿಗೆ ಅದು ಇನ್ನೂ ಹತ್ತಿರ:

"ನಮಸ್ಕಾರ ಅಣ್ಣಾ. ನಾನು ನಿಮ್ಮ ಕಾಲೇಜಿನಲ್ಲೇ ಈ ವರ್ಷ ಎಲೆಕ್ಟ್ರಾನಿಕ್ಸ್ ಮುಗಿಸಿದೀನಿ. ನೀವು ಟೆಸ್ಟಿಂಗ್ ವಿಭಾಗದಲ್ಲಿದ್ದೀರಿ ಅಂತ ಗೊತ್ತಾಯ್ತು. ಕೆಲಸ ಕೊಡಿಸಿ ಅಂತ ಕೇಳ್ತಿಲ್ಲ. ಆ ಕೆಲಸಕ್ಕೆ ನಾನು ಇನ್ನೂ ಏನು ಕಲೀಬೇಕು ಅಂತ ಕೇಳೋದಿತ್ತು. ನಿಮಗೆ ಬಿಡುವಾದಾಗ ಹದಿನೈದು ನಿಮಿಷ ಫೋನ್ ಮಾಡಬಹುದಾ?"

ಇಷ್ಟಕ್ಕೆ 'ಆಗಲ್ಲ' ಅನ್ನುವವರು ಕಡಿಮೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ನೆನಪಿಸಬೇಕು, ಮೂರನೆಯ ಸಲ ಬೇಡ. ಹದಿನೈದು ನಿಮಿಷ ಅಂದಮೇಲೆ ಹದಿನೈದೇ ನಿಮಿಷ. ಕೊನೆಗೆ, 'ಈ ವಿಷಯ ತಿಳಿದವರು ಇನ್ನೊಬ್ಬರು ಯಾರಾದ್ರೂ ಇದ್ರೆ ಹೇಳ್ತೀರಾ ಅಣ್ಣಾ?' ಎಂದು ಕೇಳಬೇಕು. ಒಬ್ಬರಿಂದ ಇನ್ನೊಬ್ಬರು ಸಿಕ್ಕಾಗ ಪಟ್ಟಿ ಬೆಳೆಯುತ್ತದೆ. ಅವರು ಹೇಳಿದ್ದನ್ನು ಕಲಿತ ಮೇಲೆ 'ಕಲಿತೆ' ಎಂದು ತಿಳಿಸಬೇಕು. ಕೆಲಸ ಸಿಕ್ಕಿದರೆ ಸಿಕ್ಕಿತು ಎಂದು, ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿದೆ?

ಒಂದು ಕಹಿ ಮಾತನ್ನೂ ಹೇಳಬೇಕು. ಪರಿಚಯ ಬಾಗಿಲು ತೆಗೆಸೀತು, ಒಳಗೆ ಮಾತಾಡಬೇಕಾದ್ದು ವಿದ್ಯೆ. ಕೊನೇ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ದುಡ್ಡು ಕೊಟ್ಟು ತಂದು, ಬೈಂಡ್ ಮಾಡಿಸಿ ಒಪ್ಪಿಸುವ ಚಟ ಯಾವ ಊರಿನಲ್ಲೂ ಗುಟ್ಟಾಗಿ ಉಳಿದಿಲ್ಲ. ಅಂಥವನ ಹೆಸರು ಕೊಟ್ಟ ಸೀನಿಯರ್ ಎರಡನೇ ಸಲ ಯಾರ ಹೆಸರನ್ನೂ ಕೊಡುವುದಿಲ್ಲ. ಒಬ್ಬನ ಕಳ್ಳಾಟಕ್ಕೆ ಹಿಂದೆ ಬರುವ ಹತ್ತು ಹುಡುಗರ ಬಾಗಿಲು ಮುಚ್ಚುತ್ತದೆ. ಸಣ್ಣದಾದರೂ ಸ್ವಂತದ್ದು ಬೇಕು. ಚಿಕ್ಕಪ್ಪನ ಅಂಗಡಿಯ ಲೆಕ್ಕಕ್ಕೆ ಬರೆದ ಪ್ರೋಗ್ರಾಮು, ತೋಟದ ಪಂಪ್‌ಸೆಟ್ಟಿಗೆ ಜೋಡಿಸಿದ ಸರ್ಕ್ಯೂಟು, ಅದೇ ಸಾಕು. ಅದರ ಬಗ್ಗೆ ಹತ್ತು ನಿಮಿಷ ತಡವರಿಸದೆ ಮಾತಾಡುವವನಿಗೆ ಸಂದರ್ಶನದಲ್ಲಿ ಬೆಲೆ ಇದೆ.

ಅಪ್ರೆಂಟಿಸ್ ದಾರಿಯನ್ನೂ ಹುಡುಗರು ಕೀಳಾಗಿ ಕಾಣುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾದಾಗಿನಿಂದ ಪದವಿ, ಡಿಪ್ಲೊಮಾ ಆದವರಿಗೂ ಅಲ್ಲಿ ಜಾಗ ಇದೆ. ಒಂದು ವರ್ಷ ಸಣ್ಣ ಸ್ಟೈಪೆಂಡು, ನಿಜ. ಆದರೆ ಒಂದು ವರ್ಷ ಕಣ್ಣೆದುರು ದುಡಿದವನನ್ನು ಹತ್ತು ಜನ ಎಂಜಿನಿಯರುಗಳು ಹೆಸರು ಹಿಡಿದು ಗುರುತಿಸುತ್ತಾರೆ. ನೂರು ಅರ್ಜಿಗೆ ಸಿಗದ ಪರಿಚಯ ಅದು.

ಕೇಳದವನನ್ನು ಹುಡುಕಿಕೊಂಡು ಬರುವವರು

ಪರಿಚಯದವರನ್ನು ಕೇಳಲು ನಾಚುವ ಹುಡುಗ ಕೊನೆಗೆ ಯಾರ ಕೈಗೆ ಸಿಗುತ್ತಾನೆ? ಅವನನ್ನೇ ಹುಡುಕಿಕೊಂಡು ಬರುವವರ ಕೈಗೆ. 'ಬ್ಯಾಕ್ ಡೋರ್ ಎಂಟ್ರಿ ಐತೆ, ಎರಡು ಲಕ್ಷ ಆಗುತ್ತೆ, ಅರ್ಧ ಈಗ, ಅರ್ಧ ಆಫರ್ ಲೆಟರ್ ಬಂದ ಮೇಲೆ.' ಲೆಟರ್ ಬರುತ್ತದೆ, ಕಂಪನಿಯ ಮುದ್ರೆಯೂ ಇರುತ್ತದೆ. ಅದನ್ನು ಹಿಡಿದು ಬೆಂಗಳೂರಿನ ಗೇಟಿನ ಮುಂದೆ ನಿಂತಾಗ ವಾಚ್‌ಮನ್ನನೇ ಹೇಳುತ್ತಾನೆ, 'ಇಂಥದ್ದು ಈ ವಾರದಲ್ಲಿ ಇದು ಮೂರನೇದು ತಮ್ಮಾ' ಎಂದು. ಅಷ್ಟರಲ್ಲಿ ತಾಯಿಯ ಬಂಗಾರ ಬ್ಯಾಂಕಿಗೆ ಹೋಗಿರುತ್ತದೆ.

ಇನ್ನೂ ಕೆಟ್ಟದ್ದು ಇದೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ವಿದೇಶಾಂಗ ಇಲಾಖೆ ಒಂದು ಎಚ್ಚರಿಕೆ ಹೊರಡಿಸಿತು. ಥಾಯ್ಲೆಂಡಿನಲ್ಲಿ 'ಡಿಜಿಟಲ್ ಮಾರ್ಕೆಟಿಂಗ್' ಕೆಲಸ ಎಂದು ಹೇಳಿ ಕಂಪ್ಯೂಟರ್ ಬಲ್ಲ ಯುವಕರನ್ನು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಿದ್ದಾರೆ ಎಂದು. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿದ್ದಾನೋ ಇಲ್ಲವೋ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಮರ್ಯಾದಸ್ಥ ಕಂಪನಿ ಕೆಲಸ ಕೊಡುವುದಕ್ಕೆ ಹುಡುಗನಿಂದ ದುಡ್ಡು ಕೇಳುವುದಿಲ್ಲ. ಆನ್‌ಲೈನಿನಲ್ಲಿ ದುಡ್ಡು ಕಳೆದುಕೊಂಡವರು ನಾಚಿಕೊಂಡು ಮನೆಯಲ್ಲಿ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು.

ಇಲ್ಲಿಯೂ ಪರಿಚಯವೇ ಕಾಯುತ್ತದೆ. ಆ ಕಂಪನಿಯೊಳಗಿನ ಒಬ್ಬ ಸೀನಿಯರ್‌ಗೆ ಫೋನ್ ಮಾಡಿ, 'ಅಣ್ಣಾ, ಇಂಥ ಲೆಟರ್ ಬಂದೈತೆ, ಖರೇನಾ?' ಎಂದು ಕೇಳಿದ್ದರೆ ಬಂಗಾರ ಮನೆಯಲ್ಲೇ ಇರುತ್ತಿತ್ತು.

ಕೇಳಲು ಯಾರೂ ಇಲ್ಲದವರು

ಇಷ್ಟೆಲ್ಲ ಬುದ್ಧಿವಾದ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಎಲ್ಲರ ನೋಟುಬುಕ್ಕೂ ಒಂದೇ ಥರ ತುಂಬುವುದಿಲ್ಲ. ಡಾಕ್ಟರ ಮಗನಿಗೆ ಕೇಳಲು ಹತ್ತು ಜನ. ಜಗಳೂರು ಕಡೆಯ ಹಳ್ಳಿಯಿಂದ ಬಂದು, ಹಾಸ್ಟೆಲಿನಲ್ಲಿದ್ದು, ಮನೆತನದಲ್ಲೇ ಮೊದಲು ಡಿಗ್ರಿ ಕಂಡ ಕೂಲಿಕಾರನ ಮಗನಿಗೆ ಯಾರು? ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಗುರುತಿಲ್ಲದ ಗಂಡಸಿಗೆ ಫೋನ್ ಮಾಡಿದಳು ಎಂದರೆ ಮನೆಯಲ್ಲೂ ಮಾತು, ಆ ಕಡೆಯವನೂ ಬೇರೆ ಅರ್ಥ ಮಾಡಿಕೊಂಡಾನು ಎಂಬ ಭಯ. ಹಾಗಾಗಿ ಚುರುಕಾದ ಹುಡುಗಿ ಮನೆಯಲ್ಲೇ ಕೂತು ಅರ್ಜಿ ತುಂಬುತ್ತಾಳೆ, ವರ್ಷ ಕಳೆದರೆ ಮದುವೆ ಮಾತು ಶುರುವಾಗುತ್ತದೆ.

ಇವರ ಪರವಾಗಿ ಕೇಳಬೇಕಾದ್ದು ಕಾಲೇಜುಗಳು. ದಾವಣಗೆರೆಗೆ 1951ರಲ್ಲೇ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಬಂತು. 1979ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜು ಬಂತು, ಆಮೇಲೆ ಇನ್ನಷ್ಟು. ಎಪ್ಪತ್ತು ವರ್ಷಕ್ಕೂ ಮೀರಿ ಈ ಊರು ಎಂಜಿನಿಯರುಗಳನ್ನು ಹೊರಗೆ ಕಳಿಸಿದೆ. ಅವರು ಎಲ್ಲೆಲ್ಲಿದ್ದಾರೆ? ಒಂದು ಹುಡುಗಿ ನಾಳೆ ಬೆಳಿಗ್ಗೆ ತನ್ನ ಕಾಲೇಜಿಗೆ ಹೋಗಿ, 'ನಮ್ಮ ಬ್ರಾಂಚಿನ ಹಳೇ ವಿದ್ಯಾರ್ಥಿನಿಯರು ಯಾರ್ಯಾರು ಎಲ್ಲೆಲ್ಲಿ ಇದಾರೆ, ಮೇಡಂ?' ಎಂದರೆ, ತೆಗೆದು ತೋರಿಸುವ ಒಂದು ಪಟ್ಟಿ ಎಷ್ಟು ಕಾಲೇಜುಗಳಲ್ಲಿದೆ? ಪ್ಲೇಸ್‌ಮೆಂಟ್ ಆದವರ ಫೋಟೋ ಹಾಕಿಸಿ ಫ್ಲೆಕ್ಸ್ ಕಟ್ಟುವುದಕ್ಕೆ ಎಲ್ಲ ಊರಿನ ಕಾಲೇಜುಗಳಿಗೂ ದುಡ್ಡಿದೆ. ಪ್ಲೇಸ್‌ಮೆಂಟ್ ಆಗದವರಿಗೆ ಒಂದು ನೋಟುಬುಕ್ಕು ಇಡುವುದಕ್ಕೆ ಏನು ಬಡತನ?

ದೊಡ್ಡ ಕಂಪನಿಗಳನ್ನೇ ನಂಬಿ ಕೂರುವ ಕಾಲವೂ ಅಲ್ಲ. 2022ರಲ್ಲಿ ಆಫರ್ ಲೆಟರ್ ಕೊಟ್ಟ ಕಂಪನಿಗಳಲ್ಲೇ ಕೆಲವು, ಹುಡುಗರನ್ನು ಸೇರಿಸಿಕೊಳ್ಳದೆ ಎರಡು ವರ್ಷದ ತನಕ ಕಾಯಿಸಿದ್ದನ್ನು ಜನ ಕಂಡಿದ್ದಾರೆ.

ಇನ್ನು ಊರು ಬಿಟ್ಟು ಹೋಗಿ ಗೆದ್ದವರು. ದುಗ್ಗಮ್ಮನ ಜಾತ್ರೆಗೆ, ದೀಪಾವಳಿಗೆ ಕಾರಿನಲ್ಲಿ ಬರುತ್ತಾರೆ. ಬೆಣ್ಣೆ ದೋಸೆ ತಿಂದು, ಫೋಟೋ ಹಾಕಿ, 'ನಮ್ಮೂರಿನ ಟೇಸ್ಟು ಎಲ್ಲೂ ಇಲ್ಲ' ಎಂದು ಬರೆದು ಹೋಗುತ್ತಾರೆ. ಬಂದವರು ಅರ್ಧ ದಿನ ತಮ್ಮ ಹಳೇ ಕಾಲೇಜಿನ ಒಂದು ಕೋಣೆಯಲ್ಲಿ ಕೂರಲಿ. ಸನ್ಮಾನ ಬೇಡ, ಶಾಲು ಬೇಡ, ಮೈಕೂ ಬೇಡ. ಒಬ್ಬೊಬ್ಬರ ಮುಂದೆ ಐದೈದು ಹುಡುಗ ಹುಡುಗಿಯರು. ಕೆಲಸ ಹೆಂಗೆ ಸಿಕ್ಕಿತು, ಎಷ್ಟು ಸಲ ಫೇಲಾದರು, ನಡುವೆ ಕೆಲಸ ಹೋದಾಗ ಏನು ಮಾಡಿದರು, ಅಷ್ಟು ಹೇಳಿದರೆ ಸಾಕು. ಫೇಲಾದ ಕತೆ ಮುಖ್ಯ. ಅದನ್ನು ಕೇಳಿದ ಹುಡುಗನಿಗೆ ಎದುರಿಗೆ ಕೂತವರೂ ತನ್ನಂಥವರೇ ಅನ್ನಿಸುತ್ತದೆ. ಆಮೇಲೆ 'ಏನಂದ್ಕೊಂತಾರೋ' ತಾನಾಗಿಯೇ ಹೋಗುತ್ತದೆ.

ಬಾಯಿದ್ದವನು ಬರದಲ್ಲೂ ಬದುಕಿದ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಬಾಯಿ ಬಿಟ್ಟು ಕೇಳಿದವನಿಗೆ ಉತ್ತರ ಕೊಡುವ ಕಿವಿಯೂ ಊರಿನಲ್ಲಿ ಇರಬೇಕು. ಇವತ್ತು ರಾತ್ರಿಯೂ ಬೆಂಗಳೂರು ಬಸ್ಸು ಹೊರಡುತ್ತದೆ, ಫೈಲು ಹಿಡಿದ ಹುಡುಗರು ಹತ್ತುತ್ತಾರೆ. ಅವರ ಮೊಬೈಲಿನಲ್ಲಿ, ಬೆಳಿಗ್ಗೆ ಇಳಿದಾಗ 'ಬಂದೆ ಅಣ್ಣಾ' ಎಂದು ಹೇಳಬಹುದಾದ ಒಂದು ನಂಬರಾದರೂ ಇರಲಿ. ಊರಿನವರು ಮನಸ್ಸು ಮಾಡಿದರೆ ಇದು ಕಾಸು ಖರ್ಚಿಲ್ಲದ ಕೆಲಸ.